ಎಡಗಾಲಿಗೊಂದು, ಬಲಗಾಲಿಗೊಂದು

ಧನುರ್ಮಾಸದ ಚಳಿ ಶುರುವಾಯಿತೆಂದರೆ ನಮ್ಮ ಹಾಸನದಲ್ಲಿ ಎಪ್ಪತ್ತು ದಾಟಿದವರ ಕಾಲು ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಕೆರೆದರೆ ಗೆರೆ, ಮೊಮ್ಮಕ್ಕಳು ಅದರ ಮೇಲೆ ಅಆಇಈ ತಿದ್ದಬಹುದು! ವಯಸ್ಸಾದಂತೆ ಚರ್ಮದೊಳಗಿನ ಎಣ್ಣೆ ಗ್ರಂಥಿಗಳೂ ಕೆಲಸ ಕಡಿಮೆ ಮಾಡುತ್ತವೆ. ನಮಗಾದರೆ ಪಿಂಚಣಿ ಉಂಟು, ಅವಕ್ಕೆ ಅದೂ ಇಲ್ಲ. ಅಂಗಡಿಯಲ್ಲಿ ಇದಕ್ಕೆ ಬಗೆಬಗೆಯ ಕ್ರೀಮುಗಳಿವೆ. ಕೈಗೆಟುಕುವಂಥವನ್ನು ನಾನು ನನ್ನ ಕಾಲುಗಳ ಮೇಲೇ ಪರೀಕ್ಷೆ ಮಾಡುತ್ತೇನೆ. ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು, ಹದಿನೈದು ದಿನ. ಬೆಲೆ, ತೂಕ, ತುರಿಕೆ ಎಲ್ಲ ಡೈರಿಯಲ್ಲಿ ದಾಖಲು. ಲೆಡ್ಜರ್ ಬರೆದು ಪಳಗಿದ ಕೈ ಸುಮ್ಮನಿರುವುದಿಲ್ಲ ನೋಡಿ.

ಮಕ್ಕಳೇ, ನಿಮಗೊಂದು ಲೆಕ್ಕ. 100 ಗ್ರಾಂ ಡಬ್ಬಿಗೆ 85 ರೂಪಾಯಿ, 15 ಗ್ರಾಂ ಪುಟ್ಟ ಡಬ್ಬಿಗೆ 10 ರೂಪಾಯಿ. ಯಾವುದು ಅಗ್ಗ? ದೊಡ್ಡದು ಎಂದವರು ಇನ್ನೊಮ್ಮೆ ಭಾಗಿಸಿ. ಪುಟ್ಟದರಲ್ಲಿ ಗ್ರಾಮಿಗೆ 67 ಪೈಸೆ, ದೊಡ್ಡದರಲ್ಲಿ 85. ಈಗ ಅನೇಕ ಪೊಟ್ಟಣಗಳ ಮೇಲೆ ಗ್ರಾಮಿನ ಬೆಲೆಯನ್ನೂ ಮುದ್ರಿಸುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ. ಭೂತಗನ್ನಡಿ ಜೇಬಿನಲ್ಲಿರಲಿ. ಸೋಪು ಕೊಳ್ಳುವಾಗಲೂ ಹೊದಿಕೆಯ ಮೇಲೆ ಟಿಎಫ್‌ಎಂ ಎಷ್ಟಿದೆ ನೋಡಿ. ಟಾಯ್ಲೆಟ್ ಸೋಪಿಗೆ ಅದು 76ಕ್ಕೆ ಕಡಿಮೆಯಿಲ್ಲದಿದ್ದರೆ ಮೊದಲ ದರ್ಜೆ.

ಕಳೆದ ಚಳಿಗಾಲದ ಪಂದ್ಯ ಕೊಬ್ಬರಿ ಎಣ್ಣೆಗೂ ಪೆಟ್ರೋಲಿಯಂ ಜೆಲ್ಲಿಗೂ. ಎಡಗಾಲಿನ ಕೊಬ್ಬರಿ ಎಣ್ಣೆ ಬೇಗ ಇಳಿಯಿತು, ಪಂಚೆಗೆ ಅಂಟಲಿಲ್ಲ. ಆದರೆ ಸಂಜೆಗೆ ಮತ್ತೆ ತುರಿಕೆ. ಬಲಗಾಲು ರಾತ್ರಿಯವರೆಗೂ ತೆಪ್ಪಗಿತ್ತು. ಈ ಜೆಲ್ಲಿಯ ಹುಟ್ಟು ತಮಾಷೆಯದು. ಅಮೆರಿಕದ ಪೆನ್ಸಿಲ್ವೇನಿಯಾದ ತೈಲಬಾವಿಗಳಲ್ಲಿ ಯಂತ್ರದ ಸರಳುಗಳಿಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೂಲಿಗಳು ಗಾಯಕ್ಕೆ ಹಚ್ಚುತ್ತಿದ್ದರು. ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನಶಾಸ್ತ್ರಜ್ಞ ಅದನ್ನೇ ಶುದ್ಧಗೊಳಿಸಿ 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ. ಜೆಲ್ಲಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ಕಾಯುತ್ತದೆ, ಅಷ್ಟೆ. ಆದ್ದರಿಂದ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗಲೇ ತೆಳ್ಳಗೆ ಸವರಬೇಕು.

ನನ್ನ ಕಾಲಿನದು ಬರೀ ತುರಿಕೆ. ನನ್ನಾಕೆಯದು ಹಾಗಲ್ಲ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಪಾದದಲ್ಲಿ ಸ್ಪರ್ಶ ಕಡಿಮೆ. ಹಿಮ್ಮಡಿ ಬಿರಿದು ರಕ್ತ ಜಿನುಗಿದ್ದರೂ, "ನೋವೇನೂ ಇಲ್ಲ, ಬಿಡ್ರೀ" ಎಂದಳು. ನೋವಿಲ್ಲ ಎಂದದ್ದೇ ನನಗೆ ಹೆದರಿಕೆ. ಡಾಕ್ಟರು ಗಾಯ ನೋಡಿ ಔಷಧಿ ಕೊಟ್ಟು, ಅದು ಮಾಗಿದ ಮೇಲೆ ದಿನಾ ಹಿಮ್ಮಡಿಗೆ ಜೆಲ್ಲಿ ಹಚ್ಚಿ ಎಂದರು; ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಸೋಂಕಾಗುತ್ತದೆ. ಹಚ್ಚಿದ ಮೇಲೆ ಕಾಲುಚೀಲ ಕಡ್ಡಾಯ, ಹಾಗೆಯೇ ನಡೆದರೆ ಮೊಸಾಯಿಕ್ ನೆಲದ ಮೇಲೆ ಜಾರುವುದು ಖಂಡಿತ. ಈಗ ರಾತ್ರಿ ಒಂಬತ್ತಕ್ಕೆ ಅವಳು ಕಾಲು ಚಾಚುತ್ತಾಳೆ, ನಾನು ಟಾರ್ಚ್ ಹಾಕಿ ಹಿಮ್ಮಡಿ ನೋಡುತ್ತೇನೆ. "ಆಡಿಟ್ ಮುಗೀತಾ?" ಎಂದು ನಗುತ್ತಾಳೆ.

ಇದನ್ನೆಲ್ಲ ಕಂಡ ಮೊಮ್ಮಗಳು, ಎಂಟನೇ ಕ್ಲಾಸಿನವಳು, ಮೊನ್ನೆ ಒಂದು ಡಬ್ಬಿ ತಂದಳು. "ತಾತ, ಇದನ್ನೂ ಟೆಸ್ಟ್ ಮಾಡು. ಐವತ್ತೇ ರೂಪಾಯಿ, ಹತ್ತು ದಿನಕ್ಕೆ ಬೆಳ್ಳಗಾಗ್ತಾರಂತೆ." ಗೆಳತಿ ಕೊಡಿಸಿದ್ದಂತೆ. ತಿರುಗಿಸಿ ನೋಡಿದೆ. ತಯಾರಕರ ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಒಳಗೇನಿದೆ ಎಂಬುದೂ ಇಲ್ಲ. ಇದಕ್ಕೆ ನನ್ನ ಕಾಲನ್ನೂ ಕೊಡಲಿಲ್ಲ.

ಇಂಥವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ನರಗಳು ಕೆಂಪಗೆ ಮೂಡುತ್ತವೆ, ಮೊಡವೆ ಏಳುತ್ತವೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿತು. ಚೀಟಿ ಕೇಳದೆ ಕೊಡುವ ಅಂಗಡಿಗಳು ಈಗಲೂ ಇವೆ.

"ನೀನು ಹಚ್ಚಿಕೊಂಡಿದ್ದೀಯಾ?" ಎಂದೆ. ತಲೆ ತಗ್ಗಿಸಿ, "ನಾಲ್ಕೇ ದಿನ, ತಾತ. ಕ್ಲಾಸಲ್ಲಿ ಎಲ್ಲರೂ ಕರಿ ಅಂತಾರೆ" ಎಂದಳು. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. ಸಂಜೆಯೇ ಡಬ್ಬಿಯ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋದೆವು. ಸದ್ಯ, ಏನೂ ಆಗಿರಲಿಲ್ಲ. ಬರುವ ದಾರಿಯಲ್ಲಿ ಅವಳು ತನ್ನ ಗೆಳತಿಗೂ ಫೋನ್ ಮಾಡಿ ಹಚ್ಚಬೇಡ ಕಣೇ ಎಂದಳು. ಆ ಹುಡುಗಿ ಹಚ್ಚತೊಡಗಿ ಎರಡು ತಿಂಗಳಾಗಿದೆಯಂತೆ. ನಾಳೆ ಅವಳ ತಾಯಿಯನ್ನು ಕಂಡು ಮಾತಾಡಬೇಕು.