ಸುಲಭದ ಹಾಡು



ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ಜಪಾನಿನ ಯೊಕೊಹಾಮಾ ನಗರದಲ್ಲಿರುವ ಮಗಳ ಮನೆಯಲ್ಲಿದ್ದೆವು. ಮೊಮ್ಮಗಳು ಅಲ್ಲಿಯ ಶಾಲೆಯಲ್ಲಿಯೇ ಆರನೆಯ ತರಗತಿ ಓದುತ್ತಿದ್ದಾಳೆ. ಮುಂದಿನ ಶನಿವಾರ ಎಲ್ಲರೂ ಕರೋಕೆಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. “ತಾತಾ, ನೀವೂ ಒಂದು ಜಪಾನಿ ಹಾಡು ಹಾಡಬೇಕು. ಸುಲಭವಾದದ್ದನ್ನು ನಾನೇ ಆರಿಸಿಕೊಡ್ತೀನಿ” ಎಂದಳು ಹುಡುಗಿ. ‘ಸುಲಭವಾದದ್ದು’ ಎಂಬ ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನಿಗೆ ಸುಲಭದ ಹಾಡೇ? “ಕಷ್ಟದ್ದನ್ನೇ ಕೊಡಮ್ಮ, ನೋಡೋಣ” ಎಂದುಬಿಟ್ಟೆ.

ಇಂದು ನನ್ನ ಅಭಿಪ್ರಾಯ ಪೂರ್ತಿಯಾಗಿ ಬದಲಾಗಿದೆ. ಕರೋಕೆಗೆ ಹೋದವರು ಸುಲಭದ ಹಾಡನ್ನೇ ಆರಿಸಿಕೊಳ್ಳಬೇಕು, ನಾಚಿಕೆಯಿಲ್ಲದೆ ಆರಿಸಿಕೊಳ್ಳಬೇಕು ಎಂಬುದು ನನ್ನ ಈಗಿನ ನಿಲುವು. ಹೀಗೆನ್ನಲು ಕಾರಣವೇನೆಂಬುದನ್ನು ತಮ್ಮೆಲ್ಲರ ಮುಂದೆ ಇಡುತ್ತೇನೆ. ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

‘ಕರ’ ಎಂದರೆ ಜಪಾನಿ ಭಾಷೆಯಲ್ಲಿ ಖಾಲಿ. ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಪದದ ತುಂಡು. ಗಾಯಕನ ಸ್ಥಾನ ಖಾಲಿ ಇರುವ ವಾದ್ಯಮೇಳ ಎಂದು ಅರ್ಥ ಮಾಡಿಕೊಳ್ಳಬಹುದು. 1967ರಲ್ಲಿ ತೋಕ್ಯೋದ ನೆಗಿಶಿ ಶಿಗೆಇಚಿ ಎಂಬವರು ಇಂಥದೊಂದು ಯಂತ್ರವನ್ನು ಮಾಡಿದ್ದರು. 1971ರಲ್ಲಿ ಕೋಬೆ ನಗರದ ಇನೋವೆ ದಾಯ್‌ಸುಕೆ ಎಂಬ ವಾದ್ಯಗಾರರು ಸ್ವತಂತ್ರವಾಗಿ ತಮ್ಮದೊಂದನ್ನು ರೂಪಿಸಿದರು. ಹಾಡಲು ಬಾರದ ಒಬ್ಬ ಗಿರಾಕಿ ಇನೋವೆಯವರು ನುಡಿಸಿದರೆ ಮಾತ್ರ ಹಾಡುತ್ತಿದ್ದನಂತೆ. ಆತನ ಗತಿಗೆ ತಕ್ಕಂತೆ ನುಡಿಸುವುದು ಅವರಿಗೆ ಗೊತ್ತಿತ್ತು. ಆತನ ಪ್ರವಾಸಕ್ಕೆ ಜೊತೆಯಲ್ಲಿ ಹೋಗಲಾಗದೆ ಅವರು ವಾದ್ಯವನ್ನಷ್ಟೇ ಧ್ವನಿಮುದ್ರಿಸಿ ಕೊಟ್ಟರು. ಅಲ್ಲಿಂದಲೇ ತಮ್ಮ ಯಂತ್ರದ ಕಲ್ಪನೆ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಜನರು ಪರಸ್ಪರರನ್ನು ಸಹಿಸಿಕೊಳ್ಳಲು ಹೊಸ ದಾರಿ ತೋರಿಸಿದರೆಂದು 2004ರಲ್ಲಿ ಅವರಿಗೆ ವಿನೋದದ ‘ಇಗ್ ನೊಬೆಲ್’ ಶಾಂತಿ ಬಹುಮಾನ ಬಂದಿತು. ಬಾರದವನಿಗಾಗಿ ಹುಟ್ಟಿದ ಯಂತ್ರದ ಮುಂದೆ ನಾವು ಪಾಂಡಿತ್ಯ ತೋರಿಸಲು ಹೊರಟರೆ ಅದು ಅಸಂಗತವಲ್ಲವೇ?

ಹಾಗಾದರೆ ಸುಲಭದ ಹಾಡು ಯಾವುದು? ಮೊಮ್ಮಗಳು ನನಗೆ ಕಲಿಸಿದ್ದನ್ನು ಕನ್ನಡ ಮೇಷ್ಟರ ಭಾಷೆಯಲ್ಲಿ ಹೇಳುತ್ತೇನೆ. ಜಪಾನಿ ಭಾಷೆ ಮಾತ್ರೆಗಳ ಲೆಕ್ಕದಲ್ಲಿ ನಡೆಯುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರಕ್ಕೂ ಅನುಸ್ವಾರದಂಥ ನಕಾರಕ್ಕೂ ಒಂದೊಂದು ಮಾತ್ರೆ ಹೆಚ್ಚು. ಅವರು ತಮ್ಮ ದೇಶವನ್ನು ‘ನಿಪ್ಪೊನ್’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ನಾಲ್ಕು ಮಾತ್ರೆ. ನಮ್ಮ ಲಘು ಗುರುಗಳ ಲೆಕ್ಕದಲ್ಲಿಯೂ ಎರಡು ಗುರು, ನಾಲ್ಕು ಮಾತ್ರೆ. ಎಂಟನೆಯ ತರಗತಿಯಲ್ಲಿ ಪ್ರಸ್ತಾರ ಹಾಕುವಾಗ ನನ್ನನ್ನು ಮನಸ್ಸಿನಲ್ಲಿಯೇ ಬೈದುಕೊಂಡವರು ಇದನ್ನು ಗಮನಿಸಬೇಕು! ಹಳೆಯ ಹಾಡುಗಳಲ್ಲಿ ಸಾಮಾನ್ಯವಾಗಿ ಮಾತ್ರೆಗೊಂದು ಸ್ವರ. ಅಂಥವು ನಮ್ಮ ನಾಲಗೆಗೆ ಬೇಗ ಒಗ್ಗುತ್ತವೆ. ಇತ್ತೀಚಿನ ಎಷ್ಟೋ ಹಾಡುಗಳಲ್ಲಿ ಮಾತ್ರೆಗಳನ್ನು ಅವಲಕ್ಕಿ ತುಂಬಿದಂತೆ ಒತ್ತಿ ತುಂಬಿರುತ್ತಾರೆ. ಉಸಿರಿಗೆ ಎಡೆಯೇ ಇಲ್ಲ. ಆದುದರಿಂದ ಗತಿ ನಿಧಾನವಾಗಿರಬೇಕು, ಸ್ವರ ತೀರ ಏರಿಳಿಯಬಾರದು, ಪಲ್ಲವಿ ಮತ್ತೆ ಮತ್ತೆ ಬರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಕೋಣೆಯಲ್ಲಿರುವವರಿಗೆ ಆ ಹಾಡು ಮೊದಲೇ ಗೊತ್ತಿರಬೇಕು.

ಈ ನಿಯಮಗಳನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಅಳಿಯಂದಿರು ತೋರಿಸಿಕೊಟ್ಟರು. ಅವರು ಆರಿಸಿದ್ದು ಯೋಅಸೋಬಿ ಜೋಡಿಯ 2019ರ ‘ಯೊರು ನಿ ಕಕೆರು’. ಪರದೆಯ ಮೇಲೆ ಅಕ್ಷರಗಳು ಬಣ್ಣ ಬದಲಿಸುತ್ತ ರೈಲಿನಂತೆ ಮುಂದೆ ಓಡಿದವು. ಅಳಿಯಂದಿರು ನಿಲ್ದಾಣದಲ್ಲಿಯೇ ಉಳಿದರು. ನಾವು ನಾಲ್ವರು ಏನು ಮಾಡಬೇಕೆಂದು ತಿಳಿಯದೆ ಶರಬತ್ತಿನ ಲೋಟಗಳನ್ನು ನೋಡುತ್ತ ಕುಳಿತೆವು. “ಸಾಕು ಮಾವ, ಮೈಕು ನಿಮಗೇ” ಎಂದು ಅವರು ಬೆವರು ಒರೆಸಿಕೊಂಡರು. ನನ್ನ ಹಟವೂ ಅಲ್ಲಿಗೇ ಇಳಿಯಿತು.

ನನ್ನ ಪಾಲಿಗೆ ಮೊಮ್ಮಗಳು ಆರಿಸಿದ್ದು ‘ಉಯೆ ಒ ಮುಯಿತೆ ಅರುಕೋ’. ‘ತಲೆಯೆತ್ತಿ ನಡೆಯೋಣ’ ಎಂದು ಶೀರ್ಷಿಕೆಯ ಅರ್ಥ. ಎಯ್ ರೊಕುಸುಕೆಯವರ ಪದಗಳು, ನಕಮುರ ಹಚಿದಾಯ್ ಅವರ ಸಂಗೀತ. 1961ರಲ್ಲಿ ಸಕಮೊತೊ ಕ್ಯೂ ಎಂಬ ತರುಣ ಇದನ್ನು ಹಾಡಿದ. ಅಮೆರಿಕದಲ್ಲಿ ಇದಕ್ಕೆ ಸಂಬಂಧವೇ ಇಲ್ಲದ ‘ಸುಕಿಯಾಕಿ’ ಎಂಬ ಹೆಸರಿಟ್ಟರು. ಅದು ಒಂದು ಮಾಂಸದ ಅಡುಗೆಯ ಹೆಸರು! ಆದರೂ 1963ರ ಜೂನ್ ತಿಂಗಳಲ್ಲಿ ಈ ಜಪಾನಿ ಹಾಡು ಅಲ್ಲಿಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಇದರ ಮುಖ್ಯ ಭಾಗ ಬಹುಮಟ್ಟಿಗೆ ಐದು ಸ್ವರಗಳಲ್ಲಿಯೇ ಸಾಗುತ್ತದೆ, ನಮ್ಮ ಮೋಹನ ರಾಗದ ಸ್ವರಗಳಲ್ಲಿ. ಮೇಲ್ನೋಟಕ್ಕೆ ನಗುಮೊಗದ ಹಾಡು. ಒಳಗೆ ಕಣ್ಣೀರನ್ನು ತಡೆಹಿಡಿದು ಒಬ್ಬಂಟಿಯಾಗಿ ನಡೆಯುವವನ ದುಃಖವಿದೆ. ಸಕಮೊತೊ 1985ರ ಆಗಸ್ಟ್ 12ರ ವಿಮಾನ ಅಪಘಾತದಲ್ಲಿ, ಇತರ 519 ಜನರೊಡನೆ, ತಮ್ಮ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುಲಭವಾದದ್ದು ಹಗುರವಾದದ್ದೇ ಆಗಬೇಕಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಮಗಳು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟಳು. ಮೊದಲ ಸಾಲಿಗೇ ನನ್ನ ಕಂಠ ಒಡೆಯಿತು. ಮೊಮ್ಮಗಳು ಯಂತ್ರದ ಒಂದು ಗುಂಡಿಯನ್ನು ಮೂರು ಸಲ ಒತ್ತಿ, “ಶ್ರುತಿ ಇಳಿಸಿದ್ದೀನಿ ತಾತಾ, ಈಗ ಹಾಡಿ” ಎಂದಳು. ಹಾಡು ತಾನಾಗಿಯೇ ನನ್ನ ಬಳಿಗೆ ಇಳಿದು ಬಂದಂತಾಯಿತು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಯೊಕೊಹಾಮಾ ಅಲ್ಲ, ನಮ್ಮ ಶಾಲೆ.

ಎಷ್ಟೋ ವರ್ಷಗಳ ಹಿಂದೆ ವಾರ್ಷಿಕೋತ್ಸವಕ್ಕೆಂದು ನಾನೇ ಒಂದು ಕಠಿಣವಾದ ಸ್ವಾಗತಗೀತೆಯನ್ನು ಸಿದ್ಧಪಡಿಸಿದ್ದೆ. ಅತಿಥಿಗಳು ಮೆಚ್ಚಬೇಕೆಂಬ ಆಸೆ ನನ್ನದು. ಎಂಟನೆಯ ತರಗತಿಯ ಒಬ್ಬ ಹುಡುಗನಿಗೆ ಹಾಡೆಂದರೆ ಪ್ರಾಣ. ಆದರೆ ಆತನ ಧ್ವನಿ ಒಡೆಯುತ್ತಿದ್ದ ಕಾಲವದು. “ನೀನು ಬರೀ ಬಾಯಿ ಆಡಿಸು, ಸ್ವರ ಹೊರಗೆ ಬರಬಾರದು” ಎಂದು ಎಲ್ಲರೆದುರಿಗೆ ಹೇಳಿದೆ. ಅವನು ಹಾಗೆಯೇ ಮಾಡಿದ. ಅನಂತರ ಬೆಳಗಿನ ಪ್ರಾರ್ಥನೆಯಲ್ಲಿಯೂ ಅವನು ಬಾಯಿ ಮಾತ್ರ ಆಡಿಸುತ್ತಿದ್ದುದನ್ನು ಕಂಡೆ. ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ಹಾಗೆಯೇ. ನಾನು ಕಂಡೆ, ಆದರೆ ಕರೆದು ಒಂದು ಮಾತು ಹೇಳಲಿಲ್ಲ. ಅಂದು ನನ್ನ ಬಳಿ ಹಾರ್ಮೋನಿಯಂ ಇತ್ತು. ಎರಡು ಮನೆ ಶ್ರುತಿ ಇಳಿಸಿದ್ದರೆ, ಅಥವಾ ಇನ್ನೊಂದು ಸರಳವಾದ ಹಾಡನ್ನು ಆರಿಸಿದ್ದರೆ ಸಾಕಿತ್ತು. ಹನ್ನೆರಡು ವರ್ಷದ ಹುಡುಗಿಗೆ ತೋಚಿದ್ದು ನನಗೆ ತೋಚಲಿಲ್ಲ.

ಕಷ್ಟವಾದದ್ದನ್ನು ಸಾಧಿಸದಿದ್ದರೆ ಕಲೆ ಬೆಳೆಯುವುದೆಂತು ಎಂದು ಕೆಲವರು ಕೇಳಬಹುದು. ಒಪ್ಪುತ್ತೇನೆ. ಗುರುವಿನ ಮುಂದೆ, ಸಾಧನೆಯ ಕೋಣೆಯಲ್ಲಿ, ಕಚೇರಿಯ ವೇದಿಕೆಯಲ್ಲಿ ಕಷ್ಟದ್ದೇ ಇರಲಿ. ಆದರೆ ನಾಲ್ಕು ಜನ ಸೇರಿ ಸಂತೋಷಪಡುವೆಡೆಯಲ್ಲಿ ಹಾಡು ಎಲ್ಲರೂ ಕುಳಿತುಕೊಳ್ಳಬಹುದಾದ ಚಾಪೆಯಂತಿರಬೇಕು. ಆ ದಿನ ಕೊನೆಗೆ ನಾವು ಹಾಡಿದ್ದು ಸ್ಮ್ಯಾಪ್ ತಂಡದ 2003ರ ‘ಸೆಕಾಯ್ ನಿ ಹಿತೊತ್ಸು ದಕೆ ನೊ ಹನ’. ಮಕಿಹರ ನೊರಿಯುಕಿ ಬರೆದ ಹಾಡು. ಹೂವಿನಂಗಡಿಯ ಹೂಗಳು ತಮ್ಮಲ್ಲಿ ಯಾರು ಮೊದಲೆಂದು ಜಗಳವಾಡುವುದಿಲ್ಲ ಎಂಬುದು ಅದರ ಭಾವ. ಜೀವನವಿಡೀ ಮಕ್ಕಳಿಗೆ ಮೊದಲ ಸ್ಥಾನ, ಎರಡನೆಯ ಸ್ಥಾನ ಹಂಚಿದವನು ಅದನ್ನು ಹಾಡಬೇಕಾಗಿ ಬಂದದ್ದು ವಿಧಿಯ ವಿನೋದವೇ ಸರಿ.

ಅಂದಹಾಗೆ ನನ್ನ ಹಾಡಿಗೆ ಯಂತ್ರವು ನೂರಕ್ಕೆ 71 ಅಂಕ ಕೊಟ್ಟಿತು, ಪ್ರಥಮ ದರ್ಜೆ! ಸಕಮೊತೊನ ಹಾಡಿನ ನಡುವೆ ಶಿಳ್ಳೆಯ ಒಂದು ಭಾಗವಿದೆ, ಅದರಲ್ಲಿ ಪದಗಳಿಲ್ಲ. ಅದು ಅಜ್ಜಿಯ ಪಾಲೆಂದು ಮೊಮ್ಮಗಳು ನಿರ್ಧರಿಸಿದಳು. ಹೆಂಗಸರು ಶಿಳ್ಳೆ ಹಾಕಬಾರದೆಂಬ ಮನೆಯಲ್ಲಿ ಬೆಳೆದ ನನ್ನ ಶ್ರೀಮತಿ ಒಮ್ಮೆ ನನ್ನ ಮುಖ ನೋಡಿ, ಬಳಿಕ ನಿರಾತಂಕವಾಗಿ ಶಿಳ್ಳೆ ಹಾಕಿದಳು. ಶ್ರುತಿಬದ್ಧವಾಗಿಯೇ ಇತ್ತು.

ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನು ಇದನ್ನು ಓದಿದರೆ ಹೇಳುವುದಿಷ್ಟೇ: ಅಪ್ಪಾ, ಅಂದು ತಪ್ಪಿದ್ದು ನಿನ್ನ ಧ್ವನಿಯಲ್ಲ, ನಾನು ಹಿಡಿದ ಶ್ರುತಿ. ನನ್ನನ್ನು ಕ್ಷಮಿಸು. ಯಾವುದಾದರೂ ಒಂದು ಸುಲಭದ ಹಾಡನ್ನು ಆರಿಸಿಕೊಂಡು, ಗಟ್ಟಿಯಾಗಿ ಹಾಡು.