ಹೆಸರು ಬರುವಾಗ ಏಳಬೇಡಿ

“ಇನ್ನೂ ಹೆಸರೇ ಬರ್ಲಾಕತ್ತಾವ, ತಡೀರಿ, ಒಗ್ಗರಣೆ ಹಾಕಿ ಬರ್ತೀನಿ” ಎಂದು ಟೀವಿ ಮುಂದಿನಿಂದ ಏಳುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಸೋದರಿಯರೆ, ಮಕ್ಕಳ ಕಾರ್ಟೂನು ಚಿತ್ರವಾದರೆ ಆ ಎರಡು ನಿಮಿಷ ಕೂತೇ ಇರಿ. ಒಗ್ಗರಣೆಯ ವಾಸನೆಯಿಂದಲೇ ಒಲೆಯ ಮೇಲೆ ಏನಿದೆಯೆಂದು ತಿಳಿಯುವುದಿಲ್ಲವೆ? ಹಾಗೆಯೇ ಮೊದಲ ಸಂಗೀತ, ಮೊದಲ ಚಿತ್ರಗಳಿಂದಲೇ ಮುಂದಿನ ಕಥೆಯ ರುಚಿ ತಿಳಿಯುತ್ತದೆ.

ಆಗಿನ ಗುಲಬರ್ಗಾಕ್ಕೆ, ಅಂದರೆ ಈಗಿನ ಕಲಬುರಗಿಗೆ, ದೂರದರ್ಶನ ಕೇಂದ್ರ ಬಂದದ್ದು 1977ರಲ್ಲಿ, ಬೆಂಗಳೂರಿಗಿಂತಲೂ ಮೊದಲು. ಮುಂದೆ 1986ರಲ್ಲಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಬಂತು. ಅದು ಕಾರ್ಟೂನು ಅಲ್ಲ, ನಿಜ. ಆದರೆ ಅದರ ಆರಂಭ ನೆನಪಿದೆಯೆ? ಆರ್.ಕೆ. ಲಕ್ಷ್ಮಣರ ಗೆರೆಚಿತ್ರಗಳು, ಜೊತೆಗೆ ಎಲ್. ವೈದ್ಯನಾಥನ್ ಅವರ ಸಂಗೀತ. ಅದರಲ್ಲಿ ಮಾತಿಲ್ಲ, ಬರೀ ಗುನುಗು. ಹಿಂದಿ ಬಾರದ ಅಜ್ಜಿಗೂ ಅರ್ಥವಾಗುತ್ತಿತ್ತು: ಇದೊಂದು ಸಣ್ಣ ಊರು, ಇಲ್ಲಿ ಯಾರಿಗೂ ಅವಸರವಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರನ್ನೂ ಆ ರಾಗ ಕರೆದು ತರುತ್ತಿತ್ತು.

ಇನ್ನು 1993ರಲ್ಲಿ ಬಂದ ಮೋಗ್ಲಿಯ ‘ಜಂಗಲ್ ಬುಕ್’ ನೋಡ್ರಿ. ಚಿತ್ರ ಬಿಡಿಸಿದವರು ಜಪಾನಿನವರು. ನಮ್ಮ ದೂರದರ್ಶನಕ್ಕಾಗಿ ಹಾಡನ್ನು ಹೊಸದಾಗಿ ಬರೆದವರು ಗುಲ್ಜಾರ್, ಸಂಗೀತ ಕೊಟ್ಟವರು ವಿಶಾಲ್ ಭಾರದ್ವಾಜ್. ಕಥೆಯಲ್ಲಿ ಹುಲಿಯಿದೆ, ತೋಳಗಳಿವೆ, ಅಗಲಿಕೆಯೂ ಇದೆ. ಆದರೂ ಆ ಆಟದಂಥ ಹಾಡು ಮೊದಲೇ ಮಗುವಿನ ಬೆನ್ನು ತಟ್ಟಿ, “ಕಾಡು ಅಂದ್ರ ಹೆದರಬ್ಯಾಡ, ಬಾ” ಎನ್ನುತ್ತಿತ್ತು.

ಈಗ ಕಲಬುರಗಿಯ ಮನೆಯಲ್ಲೂ ಮೊಬೈಲು, ರಜೆಗೆಂದು ಕಮಲಾಪುರದ ಅಜ್ಜಿಯ ಮನೆಗೆ ಹೋದರೂ ಮೊಬೈಲು. ಮಕ್ಕಳು ಆರಂಭವನ್ನು ಹಾರಿಸಿ ನೇರ ಕಥೆಗೇ ಧುಮುಕುತ್ತಾರೆ. ರಾತ್ರಿ ಬೆಚ್ಚಿಬಿದ್ದು ಅಳುವಾಗ ನಾವು ದೃಷ್ಟಿ ತೆಗೆಯುತ್ತೇವೆ!

ಅದಕ್ಕೇ ಈ ಸುಲಭ ಪರೀಕ್ಷೆ ಮಾಡಿ. ಮೊದಲು ಆರಂಭವನ್ನು ನೀವೊಬ್ಬರೇ, ಪರದೆಗೆ ಬೆನ್ನು ಹಾಕಿ, ಬರೀ ಕಿವಿಯಿಂದ ಕೇಳಿ. ತಗ್ಗು ದನಿಯ, ಎಳೆದೆಳೆದು ಬರುವ ನಾದವೆ? ನಡುನಡುವೆ ಫಕ್ಕನೆ ದೊಡ್ಡ ಸದ್ದೆ? ಹಾಗಿದ್ದರೆ ಒಳಗೆ ಅಂಜಿಕೆಯ ಕಥೆ ಇರಬಹುದು. ಆಮೇಲೆ ಶಬ್ದ ಬಂದ್ ಮಾಡಿ ಬರೀ ಕಣ್ಣಿಂದ ನೋಡಿ. ಅಕ್ಷರಗಳು ಗುಂಡಗಿವೆಯೋ, ಚೂಪಾಗಿವೆಯೋ? ಬಣ್ಣ ತಿಳಿಯೋ, ಕಡುಗಪ್ಪೋ? ಮಗುವಿಗೆ ಒಗ್ಗೀತು ಅನಿಸಿದರೆ ಜೊತೆಗೆ ಕೂಡಿಸಿಕೊಳ್ಳಿ. ಹಾಡು ಮುಗಿಯುವ ಮೊದಲೇ ಮಗು ನಿಮ್ಮ ಸೆರಗು ಬಿಗಿಯಾಗಿ ಹಿಡಿದರೆ, “ನಾ ಇಲ್ಲೇ ಅದೀನಿ” ಅನ್ನಿ. ಹಿಡಿತ ಸಡಿಲವಾಗದಿದ್ದರೆ ಚಿತ್ರವನ್ನು ಇನ್ನೊಂದು ವರ್ಷಕ್ಕೆ ಇಟ್ಟುಬಿಡಿ. ಅದೇನು ಹಳಸುವ ಪದಾರ್ಥವಲ್ಲ.

ಓದಲು ಬರುವ ಮಕ್ಕಳಿದ್ದರೆ ಹೆಸರುಗಳನ್ನು ಗಟ್ಟಿಯಾಗಿ ಓದಿಸಿ. ಚಿತ್ರ ಬಿಡಿಸುವುದು, ವಾದ್ಯ ನುಡಿಸುವುದು ಕೂಡ ಒಂದು ಉದ್ಯೋಗವೆಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚುವ ನಿಮ್ಮ ಮಗಳಿಗೆ ತಿಳಿಯಲಿ.