ಹಸಿ ಇಟ್ಟಿಗೆಯ ಮನೆ

ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲಿಕರ ಅಪ್ಪಣೆ ಬೇಕಾದ ನಮ್ಮಂಥವರಿಗೆ, ಪರನಾಡಿಗೆ ಹೋಗಿ ಸ್ವಂತ ಮನೆ ಕಟ್ಟಿದವರ ಕಥೆ ಎಂದರೆ ಬಲು ರುಚಿ. ಈ ಸಲ ಅಂಥದೊಂದನ್ನು ವಾಚಕರ ಮುಂದಿಡುತ್ತೇವೆ.

ಸ್ಕಾಟ್ಲೆಂಡಿನ ಹ್ಯೂಗೋ ರೀಡ್ ಎಂಬಾತ 1830ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ವ್ಯಾಪಾರಕ್ಕಿಳಿದ. ಆಗ ಆ ಸೀಮೆ ಮೆಕ್ಸಿಕೋದ್ದು. ಅಲ್ಲಿಯ ಪ್ರಜೆಯಾದ. ಆ ನೆಲದ ಮೂಲನಿವಾಸಿಗಳಾದ ಟೋಂಗ್ವಾ ಜನರ ವಿಕ್ಟೋರಿಯಾ ಎಂಬ ವಿಧವೆಯನ್ನು 1837ರಲ್ಲಿ ಮದುವೆಯಾಗಿ, ಆಕೆಯ ಮಕ್ಕಳಿಗೂ ತಂದೆಯಾದ. ಲಾಸ್ ಏಂಜಲೀಸ್ ಬಳಿಯ ಸಾಂತಾ ಅನಿತಾದಲ್ಲಿ 1840ರ ಸುಮಾರಿಗೆ ಮನೆ ಕಟ್ಟಿಸಿದ. ಅರಮನೆಯೇನಲ್ಲ, ಮಣ್ಣಿಗೆ ಹುಲ್ಲು ಬೆರೆಸಿ ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಮನೆ. ಅದಕ್ಕೆ ಅಲ್ಲಿ ಅಡೋಬಿ ಎಂದು ಹೆಸರು. ಮಣ್ಣಿನ ಗೋಡೆಯ ಗುಣವನ್ನು ನಮ್ಮ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ: ಬೇಸಗೆಗೆ ತಂಪು, ಚಳಿಗೆ ಬೆಚ್ಚಗೆ, ಮಳೆಯೇ ಶತ್ರು.

ಮನೆ ಸಣ್ಣದು, ಜಮೀನು ಮಾತ್ರ 13,319 ಎಕರೆ! ವಿಕ್ಟೋರಿಯಾಳ ಜನ ತಲೆತಲಾಂತರದಿಂದ ಬಾಳಿದ ನೆಲವದು. ಸರಕಾರದ ಪತ್ರವಾದದ್ದು ಗಂಡನ ಹೆಸರಿಗೆ. ಅದೂ ದಕ್ಕಲಿಲ್ಲ. 1847ರಲ್ಲಿ ಹೆನ್ರಿ ಡಾಲ್ಟನ್ ಎಂಬಾತನಿಗೆ ಮಾರಿಬಿಟ್ಟ.

ಖಾತೆ ಬದಲಾಯಿತೆಂದರೆ ನಮ್ಮ ಕಛೇರಿಯ ಲೆಕ್ಕದಲ್ಲಿ ಫೈಲು ಮುಗಿದಂತೆ. ಇಲ್ಲಿ ಮುಗಿಯಲಿಲ್ಲ. ಹೆಂಡತಿಯ ಜನರ ಮಾತು, ಊಟ, ಮದುವೆ, ಕಥೆಗಳು, ಪಾದ್ರಿಗಳ ಮಠದಲ್ಲಿ ಅವರು ಪಟ್ಟ ಪಾಡು, ಇವನ್ನೆಲ್ಲ ರೀಡ್ 22 ಪತ್ರಗಳಲ್ಲಿ ಬರೆದ. 1852ರಲ್ಲಿ ಅವು ‘ಲಾಸ್ ಏಂಜಲೀಸ್ ಸ್ಟಾರ್’ ಪತ್ರಿಕೆಯಲ್ಲಿ ಅಚ್ಚಾದವು. ಅದೇ ಡಿಸೆಂಬರಿನಲ್ಲಿ ಆತ ತೀರಿಕೊಂಡ. ವಿಕ್ಟೋರಿಯಾ 1868ರಲ್ಲಿ ಸಿಡುಬಿಗೆ ಬಲಿಯಾದಳು.

ಈಗ ಅಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಸಸ್ಯೋದ್ಯಾನವಿದೆ. ಅದರೊಳಗೆ ರೀಡ್‌ನ ಮನೆಯನ್ನು ಹಸಿ ಇಟ್ಟಿಗೆಯಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಗೋಡೆಯನ್ನು ಹೀಗೆ ಮರಳಿ ಕಟ್ಟಬಹುದು. ಆ ಪತ್ರಗಳು ಇಲ್ಲದಿದ್ದರೆ ಅವನ್ನು ಮರಳಿ ಬರೆಯುವವರು ಯಾರು? ಟೋಂಗ್ವಾ ಜನರ ಹಿಂದಿನ ಬಾಳನ್ನು ಅರಿಯಬೇಕಾದವರು ಇಂದಿಗೂ ಅವನ್ನು ಓದುತ್ತಾರೆ.

ಇದನ್ನು ಬರೆಯುವಾಗ ನಮಗೇ ನಾಚಿಕೆಯಾಯಿತು. ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ಮಾಲಿಕರ ತಾಯಿ, ನಮ್ಮ ಮಕ್ಕಳ ಪಾಲಿನ ಆಜಿ, ಅಕ್ಕಿ ಆರಿಸುತ್ತಾ ಓವಿ ಹೇಳುತ್ತಾರೆ. ನಮ್ಮ ಬೀಸುವ ಪದಗಳಂಥವು. ಕಿವಿಗೆ ಬಿದ್ದಿವೆ, ಒಂದನ್ನೂ ಬರೆದಿಟ್ಟಿಲ್ಲ. ಆಜಿಗೆ ಎಂಬತ್ತು ದಾಟಿತು. ಸ್ವಂತ ಮನೆಯ ಯೋಗ ಬಂದಾಗ ಬರಲಿ. ಈ ಭಾನುವಾರ ನಾವು ನೋಟುಪುಸ್ತಕ ಹಿಡಿದು ಅವರ ಮುಂದೆ ಕೂರುವವರಿದ್ದೇವೆ.